ಕಿವಿಯನ್ನು ನಂಬಿದ ಇಂಗ್ಲಿಷು

ಸನ್ಮಾನಪತ್ರವೊಂದರಲ್ಲಿ ಯಾರಾದರೂ ಮಹನೀಯರ ಸೇವೆಯನ್ನು ‘ಮೆರೆಟ್ರಿಷಸ್’ ಎಂದು ಬಣ್ಣಿಸಿದರೆ ನಮ್ಮ ಸಭೆ ಚಪ್ಪಾಳೆ ತಟ್ಟೀತು. ‘ಮೆರಿಟ್’ ಎಂಬಂಥ ಸದ್ದು ಕಿವಿಗೆ ಬಿದ್ದರೆ ಸಾಕಲ್ಲ! ಆ ಶಬ್ದದ ಮೂಲವಾದ ಲ್ಯಾಟಿನ್ ಪದಕ್ಕೆ ವೇಶ್ಯೆ ಎಂದು ಅರ್ಥ. ಇಂದಿಗೂ ಅದು ಹೊರಗೆ ಥಳಕು, ಒಳಗೆ ಹುಳುಕು ಎಂಬ ನಿಂದೆಯೇ. ಯೋಗ್ಯತೆಯನ್ನು ಹೇಳುವುದು ‘ಮೆರಿಟೋರಿಯಸ್’. ಹಾಗೆಯೇ ‘ನಾಯ್ಸಮ್’ ಎಂದರೆ ಗದ್ದಲದ್ದಲ್ಲ, ನಾರುವಂಥದು.

ಇವೇನೋ ನಕ್ಕು ಬಿಡುವಂಥವು. ‘ಡಿಸಿಂಟರೆಸ್ಟೆಡ್’ ವಿಷಯದಲ್ಲಿ ಹಾಗೆ ಬಿಡುವಂತಿಲ್ಲ. ನ್ಯಾಯಾಧೀಶರು ‘ಡಿಸಿಂಟರೆಸ್ಟೆಡ್’ ಆಗಿದ್ದರು ಎಂದರೆ ವ್ಯಾಜ್ಯದ ಸೋಲು ಗೆಲುವಿನಲ್ಲಿ ಅವರಿಗೆ ಸ್ವಂತ ಲಾಭವಿರಲಿಲ್ಲ ಎಂದು. ‘ಅನಿಂಟರೆಸ್ಟೆಡ್’ ಆಗಿದ್ದರು ಎಂದರೆ ಪೀಠದ ಮೇಲೆ ಆಕಳಿಸುತ್ತ ಕುಳಿತಿದ್ದರು ಎಂದು. ಒಂದು ಪ್ರಶಂಸೆ, ಇನ್ನೊಂದು ದೂರು. ಕೋರ್ಟಿನ ಭಾಷೆಯಲ್ಲಿ ‘ಇಂಟರೆಸ್ಟೆಡ್’ ಸಾಕ್ಷಿ ಎಂದರೂ ಮೊಕದ್ದಮೆಯ ಬಗ್ಗೆ ಕುತೂಹಲವುಳ್ಳವನಲ್ಲ, ಅದರ ಫಲದಿಂದ ಲಾಭ ಪಡೆಯುವವನು. ಕೊಲೆಯಾದವನ ಹೆಂಡತಿ ಬಂಧುವೇ ಹೊರತು ಅಷ್ಟರಿಂದಲೇ ‘ಇಂಟರೆಸ್ಟೆಡ್’ ಸಾಕ್ಷಿಯಲ್ಲವೆಂದು ಸುಪ್ರೀಂ ಕೋರ್ಟು 1981ರಲ್ಲಿ ಬಿಡಿಸಿ ಹೇಳಬೇಕಾಯಿತು. ಒಂದು ಶಬ್ದದ ಅರ್ಥದ ಮೇಲೆ ಒಬ್ಬ ವಿಧವೆಯ ಮಾತಿನ ಬೆಲೆ ನಿಂತಿತ್ತು.

ಸಂದರ್ಭದಿಂದ ಅರ್ಥ ತಾನೇ ತಿಳಿಯುತ್ತದೆ, ಈ ಶಾನುಭೋಗಿಕೆ ಏಕೆ ಎನ್ನುವವರುಂಟು. ಮೇಲಿನ ನ್ಯಾಯಾಧೀಶರ ವಾಕ್ಯವನ್ನೇ ಅವರ ಮುಂದಿಡುತ್ತೇನೆ. ಅಲ್ಲಿ ಎರಡು ಅರ್ಥವೂ ಹೊಂದುತ್ತದೆ. ಸಂದರ್ಭ ಯಾವುದನ್ನು ಆರಿಸಿಕೊಟ್ಟೀತು? ಇನ್ನು ಕೆಲವರು ವಿದ್ವಾಂಸರು. 17ನೆಯ ಶತಮಾನದಲ್ಲಿ ಈ ಎರಡು ಶಬ್ದಗಳ ಅರ್ಥ ಇಂದಿನದಕ್ಕೆ ಅದಲುಬದಲಾಗಿಯೂ ನಡೆಯುತ್ತಿತ್ತೆಂದು ಆಕ್ಸ್‌ಫರ್ಡ್ ನಿಘಂಟನ್ನೆತ್ತಿ ತೋರಿಸುತ್ತಾರೆ. ನಿಜವೇ. ಮುತ್ತಜ್ಜನ ಕಾಲದಲ್ಲಿ ಹೊಲದ ಗಡಿ ಬೇರೆ ಕಡೆ ಇತ್ತೆಂದು ಇಂದಿನ ಬದುವನ್ನೇ ಅಗೆದುಹಾಕುವುದೆ?

ಪರಭಾಷೆ, ತಪ್ಪಿದರೇನಂತೆ ಎಂಬ ಉದಾರಿಗಳೂ ಇದ್ದಾರೆ. ನಮ್ಮ ಮಾತನ್ನೇ ತೆಗೆದುಕೊಳ್ಳೋಣ. ‘ಕೃತಜ್ಞ’ನಿಗೂ ‘ಕೃತಘ್ನ’ನಿಗೂ ನಡುವೆ ಒಂದೇ ಅಕ್ಷರದ ಅಂತರ. ವಂದನಾರ್ಪಣೆಗೆ ನಿಂತ ಕಾರ್ಯದರ್ಶಿ, “ಅಧ್ಯಕ್ಷರಿಗೆ ನಾವೆಲ್ಲ ಕೃತಘ್ನರು” ಎಂದರೆ, ಸಂದರ್ಭದಿಂದ ತಿಳಿಯಿತು ಬಿಡಿ ಎಂದು ಅಧ್ಯಕ್ಷರು ಹಾರ ಹಾಕಿಸಿಕೊಂಡು ಹೋದಾರೆ?

ಈ ತೊಡಕೇ ಬೇಡವೆನ್ನುವವರಿಗೆ ‘ಇಂಪಾರ್ಷಿಯಲ್’ ಎಂಬ ಸರಳ ಶಬ್ದ ಸಿದ್ಧವಾಗಿದೆ. ಆದರೆ ಸನ್ಮಾನಪತ್ರ ಬರೆಯುವವರಿಗೆ ಅದು ತೀರ ಸಪ್ಪೆ.