ಪತ್ತನಾಜೆ ಕಳೆದ ಮೇಲೆ ಚೆಂಡೆ ಪಾಠ



ಬಂಟ್ವಾಳದ ಸುತ್ತಮುತ್ತ ಯಕ್ಷಗಾನದ ಧೀಂಗಿಣ ಕಲಿಯುವ ಮಕ್ಕಳಿಗೆ ಬರವಿಲ್ಲ. ಶಾಲಾ ವಾರ್ಷಿಕೋತ್ಸವಕ್ಕೆ ಅಷ್ಟಾದರೆ ಸಾಕೆಂದು ಹೆತ್ತವರಿಗೂ ತೃಪ್ತಿ. ಚೆಂಡೆ, ಮದ್ದಳೆ, ಭಾಗವತಿಕೆಗೆ ಬರುವವರು ಕಡಿಮೆ. ಬಾಯಿತಾಳ ಗಟ್ಟಿಯಾಗಿ, ತ್ರಿವುಡೆಯ ಏಳು ಅಕ್ಷರ ತೊಡೆಯ ಮೇಲೆ ತಪ್ಪದೆ ಬೀಳುವವರೆಗೆ ಕೋಲು ಮುಟ್ಟುವಂತಿಲ್ಲ. ಅದಕ್ಕೆ ತಿಂಗಳುಗಳೇ ಬೇಕು.

ನಮ್ಮ ತಾಲೂಕಿನ ಸರಕಾರಿ ಪದವಿ ಕಾಲೇಜುಗಳಲ್ಲಿ ಇವನ್ನು ಕಲಿಸುವ, ಊರವರೂ ಸೇರಬಹುದಾದ ಸಂಜೆಯ ಸರ್ಟಿಫಿಕೇಟ್ ಕೋರ್ಸ್ ಯಾಕಾಗಬಾರದು? ಮಳೆಗಾಲದ ಹೊಸ್ತಿಲಲ್ಲಿ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಳಗಳು ಮತ್ತೆ ತಿರುಗಾಟಕ್ಕೆ ಹೊರಡುವುದು ನವೆಂಬರ್ ಹೊತ್ತಿಗೆ. ಆ ಮಳೆಗಾಲದಲ್ಲಿ ಕಲಾವಿದರಿಗೆ ಬಿಡುವು, ಕಾಲೇಜಿನಲ್ಲಿ ತರಗತಿ. ಉಡುಪಿಯ ಯಕ್ಷಗಾನ ಕೇಂದ್ರ 1971ರಿಂದ, ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ಕಲಿಸುತ್ತಿವೆ, ನಿಜ. ಆದರೆ ಬಿ.ಸಿ. ರೋಡಿನ ಅಂಗಡಿಯಲ್ಲಿ ದುಡಿಯುವ ಹುಡುಗ ಎಲ್ಲ ಬಿಟ್ಟು ಅಲ್ಲಿ ಹೋಗಿ ಉಳಿಯಲಾರ.

ಡಿಗ್ರಿಯಿಲ್ಲದ ಕಲಾವಿದರನ್ನು ಪಾಠಕ್ಕೆ ನೇಮಿಸುವುದು ಹೇಗೆಂಬ ತಕರಾರು ಬಂದೇ ಬರುತ್ತದೆ. ಅನುಭವವೇ ಅರ್ಹತೆಯಾಗುವ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂಬ ದಾರಿಯನ್ನು ಯುಜಿಸಿ 2022ರಲ್ಲೇ ತೆರೆದಿದೆ, ಕಲೆಯೂ ಅದರೊಳಗಿದೆ. ಇನ್ನು ಸಂಬಳ. ಕೊನೆಯ ದಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕೈತೊಳೆದುಕೊಳ್ಳುವುದು ಬೇಡ. ತಿಂಗಳು ತಿಂಗಳು ಬ್ಯಾಂಕ್ ಖಾತೆಗೆ ಹಾಕಲಿ.

— ಒಬ್ಬ ಯಕ್ಷಗಾನ ಪ್ರೇಕ್ಷಕ, ಪಾಣೆಮಂಗಳೂರು