ಕೇಳದೆ ಮಾಡಿದ ಪ್ರಯೋಗ

2012ರ ಜನವರಿಯಲ್ಲಿ ಫೇಸ್‌ಬುಕ್ ಒಂದು ವಾರ ಕಾಲ 6,89,003 ಬಳಕೆದಾರರ ಮೇಲೆ ಪ್ರಯೋಗ ನಡೆಸಿತು. ಕೆಲವರ ನ್ಯೂಸ್ ಫೀಡ್‌ನಲ್ಲಿ ಸ್ನೇಹಿತರ ಖುಷಿಯ ಪೋಸ್ಟ್‌ಗಳನ್ನು ಕಡಿಮೆ ಮಾಡಿತು, ಇನ್ನು ಕೆಲವರಿಗೆ ಬೇಸರದ ಪೋಸ್ಟ್‌ಗಳನ್ನು. ಖುಷಿಯ ಸುದ್ದಿ ಕಡಿಮೆ ಕಂಡವರು ತಾವೂ ಖುಷಿಯ ಪದಗಳನ್ನು ತುಸು ಕಡಿಮೆ ಬರೆದರು. ಭಾವನೆಯೂ ಅಂಟುರೋಗದಂತೆ ಹರಡುತ್ತದೆ ಎಂಬ ಈ ತೀರ್ಮಾನ 2014ರ ಜೂನ್‌ನಲ್ಲಿ ಪ್ರಕಟವಾದಾಗಲೇ ಪ್ರಯೋಗ ನಡೆದಿದ್ದು ಜನರಿಗೆ ತಿಳಿದದ್ದು.

ಪರಿಣಾಮ ತೀರಾ ಚಿಕ್ಕದು, ಸಾವಿರ ಪದಗಳಿಗೆ ಸುಮಾರು ಒಂದು ಪದದಷ್ಟು ವ್ಯತ್ಯಾಸ ಎಂದು ಸಂಶೋಧಕರು ಸಮರ್ಥಿಸಿಕೊಂಡರು. ಆದರೆ ಅದು ಚಿಕ್ಕದೆಂದು ಗೊತ್ತಾದದ್ದು ಪ್ರಯೋಗ ಮುಗಿದ ಮೇಲೆ. ಅಷ್ಟು ಜನರಲ್ಲಿ ಖಿನ್ನತೆಯಿಂದ ಬಳಲುತ್ತಿದ್ದವರೂ ಇದ್ದಿರಬಹುದು. ಅವರ ಮನಸ್ಸನ್ನು ಕೆಣಕಿ ನೋಡುವ ಹಕ್ಕು ಕೊಟ್ಟವರಾರು?

ಖಾತೆ ತೆರೆಯುವಾಗ ಷರತ್ತುಗಳಿಗೆ ಒಪ್ಪಿದ್ದೇ ಸಮ್ಮತಿ ಎಂದು ಪ್ರಬಂಧ ವಾದಿಸಿತು. ಆದರೆ ಬಳಕೆದಾರರ ಮಾಹಿತಿಯನ್ನು ಸಂಶೋಧನೆಗೆ ಬಳಸುತ್ತೇವೆಂಬ ಮಾತು ಆ ಷರತ್ತುಗಳಲ್ಲಿ ಸೇರಿದ್ದು 2012ರ ಮೇನಲ್ಲಿ, ಪ್ರಯೋಗ ಮುಗಿದು ನಾಲ್ಕು ತಿಂಗಳಿಗೆ. ಕಾರ್ನೆಲ್ ವಿಶ್ವವಿದ್ಯಾಲಯವಂತೂ ಪ್ರಬಂಧದ ಸಹಲೇಖಕರಾದ ತನ್ನ ಸಂಶೋಧಕರಿಗೆ ಸಿಕ್ಕಿದ್ದು ಫಲಿತಾಂಶ ಮಾತ್ರ ಎಂದು ಹೇಳಿ ನೈತಿಕ ಪರಿಶೀಲನೆಯನ್ನೇ ಕೈಬಿಟ್ಟಿತು. ಪ್ರಬಂಧ ಪ್ರಕಟಿಸಿದ ಪತ್ರಿಕೆ ಮರುತಿಂಗಳೇ ಸಂಪಾದಕೀಯ ಕಳವಳ ವ್ಯಕ್ತಪಡಿಸಬೇಕಾಯಿತು.

1961ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಕೂಡ ಜನರಿಗೆ ಸುಳ್ಳು ಹೇಳಿದ್ದರು. ನೆನಪಿನ ಶಕ್ತಿಯ ಪರೀಕ್ಷೆ ಎಂದು ನಂಬಿಸಿ, ಇನ್ನೊಬ್ಬನಿಗೆ ವಿದ್ಯುತ್ ಆಘಾತ ಕೊಡಿ ಎಂದರು. ಆಘಾತ ನಿಜವಾಗಿರಲಿಲ್ಲ, ಆದರೂ 40 ಮಂದಿಯಲ್ಲಿ 26 ಮಂದಿ 450 ವೋಲ್ಟ್‌ವರೆಗೆ ಹೋದರು. ಹಲವರು ಬೆವರಿ ನಡುಗಿದರು. 1964ರಲ್ಲಿ ಮನೋವಿಜ್ಞಾನಿ ಡಯಾನಾ ಬಾಮ್ರಿಂಡ್ ಇದನ್ನು ಕಟುವಾಗಿ ಪ್ರಶ್ನಿಸಿದರು. ಅಂಥ ವಾಗ್ವಾದಗಳಿಂದಲೇ ನಿಯಮಗಳು ಗಟ್ಟಿಯಾದವು: ಸತ್ಯ ಮರೆಮಾಚುವುದು ಅನಿವಾರ್ಯವಾದರೆ ಬೇರೆಯವರು ಮೊದಲೇ ಪರಿಶೀಲಿಸಬೇಕು, ಮುಗಿದ ಮೇಲೆ ಭಾಗಿಯಾದವರಿಗೆ ನಿಜ ತಿಳಿಸಬೇಕು. ಮಿಲ್‌ಗ್ರಾಮ್ ಬಳಿ ಬಂದವರಿಗೆ ತಾವೊಂದು ಪ್ರಯೋಗಾಲಯದಲ್ಲಿದ್ದೇವೆ ಎಂಬುದಾದರೂ ಗೊತ್ತಿತ್ತು. ಫೇಸ್‌ಬುಕ್ ಬಳಕೆದಾರರಿಗೆ ಅದೂ ಗೊತ್ತಿರಲಿಲ್ಲ.

ಇದು ನಮಗೂ ಸಂಬಂಧಿಸಿದ ಮಾತು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕೆಲವು ಷರತ್ತುಗಳೊಂದಿಗೆ ಸಂಶೋಧನೆಗೆ ವಿನಾಯಿತಿ ನೀಡಿದೆ. ಸಂಶೋಧನೆ ಬೇಕು, ಆ ವಿನಾಯಿತಿಯೂ ಬೇಕು. ಆದರೆ ಇರುವ ದತ್ತಾಂಶವನ್ನು ಓದುವುದು ಬೇರೆ, ಜನರ ಭಾವನೆಯನ್ನು ಬೇಕೆಂದೇ ತಿದ್ದಿ ನೋಡುವುದು ಬೇರೆ. ಎರಡನೆಯದಕ್ಕೆ ಕಂಪನಿಯ ಹೊರಗಿನ ನೈತಿಕ ಸಮಿತಿಯ ಅನುಮತಿಯನ್ನೂ, ಒಳಗಾದ ಪ್ರತಿಯೊಬ್ಬರಿಗೂ ತಿಳಿಸುವುದನ್ನೂ ಸರ್ಕಾರ ಕಡ್ಡಾಯ ಮಾಡಬೇಕು. ಲಕ್ಷಾಂತರ ಜನರ ಫೀಡ್ ಬದಲಿಸಬಲ್ಲ ಕಂಪನಿಗೆ ಅವರಿಗೆಲ್ಲ ಒಂದು ಸಂದೇಶ ಕಳಿಸುವುದು ಕಷ್ಟವೇನಲ್ಲ.