ಜಾತ್ರೆ ನೆರೆದ ಮಾತ್ರಕ್ಕೆ

ಮುಜರಾಯಿ ಇಲಾಖೆ ರಾಜ್ಯದ ದೇವಸ್ಥಾನಗಳನ್ನು ಎ, ಬಿ, ಸಿ ಎಂದು ಮೂರು ದರ್ಜೆ ಮಾಡಿಟ್ಟಿದೆ. ವರ್ಷದ ಆದಾಯ 25 ಲಕ್ಷ ರೂಪಾಯಿ ದಾಟಿದರೆ ಎ. 5 ಲಕ್ಷದಿಂದ 25 ಲಕ್ಷದೊಳಗಿದ್ದರೆ ಬಿ. 5 ಲಕ್ಷಕ್ಕೂ ಕಡಿಮೆಯಾದರೆ ಸಿ. ಮೂವತ್ತು ಸಾವಿರಕ್ಕೂ ಮಿಕ್ಕ ದೇವಸ್ಥಾನಗಳಲ್ಲಿ ಎ ದರ್ಜೆಯವು ಇನ್ನೂರರ ಆಸುಪಾಸು. ಉಳಿದವುಗಳಲ್ಲಿ ಬಹುಪಾಲು ಸಿ. ಲೆಕ್ಕಪತ್ರ ನೋಡುವ ಇಲಾಖೆಗೆ ಇಂಥದೊಂದು ವಿಂಗಡಣೆ ಬೇಕು, ಅದಕ್ಕೆ ತಕರಾರಿಲ್ಲ. ಅದೇ ಲೆಕ್ಕ ನಮ್ಮ ತಲೆಯೊಳಗೂ ಇಳಿದಿರುವುದಕ್ಕೆ ತಕರಾರಿದೆ. ಒಂದು ಕ್ಷೇತ್ರದ, ಒಬ್ಬ ಸ್ವಾಮೀಜಿಯ, ಒಂದು ಪಂಥದ ಬಗ್ಗೆ ಯಾರಾದರೂ ಅನುಮಾನದ ಮಾತಾಡಿದರೆ ಸಾಕು, ಶಿವಮೊಗ್ಗದ ಗಾಂಧಿ ಬಜಾರಿನಲ್ಲಾಗಲಿ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಾಗಲಿ ಥಟ್ಟನೆ ಬರುವ ಉತ್ತರ ಒಂದೇ: ‘ಅಷ್ಟು ಜನ ಸುಮ್ನೆ ಬರ್ತಾರಾ?’

ಸುಮ್ಮನೆ ಬರುವುದಿಲ್ಲ, ನಿಜ. ಆದರೆ ಯಾಕೆ ಬರುತ್ತಾರೆ ಎಂದು ಕೇಳುತ್ತ ಹೋದರೆ, ಅದರಲ್ಲಿ ದೇವರ ಪಾಲೆಷ್ಟು, ಬಸ್ಸಿನ ಪಾಲೆಷ್ಟು ಎಂಬುದೂ ಹೊರಬೀಳುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದು ಮಹಿಳೆಯರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು. ಕೆಲವೇ ವಾರಗಳಲ್ಲಿ ರಾಜ್ಯದ ಹೆಸರಾಂತ ಕ್ಷೇತ್ರಗಳಲ್ಲಿ ಸರತಿ ಸಾಲು ಉದ್ದವಾಯಿತು. ಆ ತಿಂಗಳು ದೇವರ ಮಹಿಮೆಯೇ ಹೆಚ್ಚಿಬಿಟ್ಟಿತೆಂದು ಯಾರೂ ಹೇಳಲಿಲ್ಲ. ಟಿಕೆಟ್ ದುಡ್ಡು ಹೊಂದಿಸಲಾಗದೆ ಮನೆಯಲ್ಲೇ ಕೈಮುಗಿಯುತ್ತಿದ್ದ ತಾಯಂದಿರು ಹೊರಟರು, ಅಷ್ಟೆ. ಅವರ ಭಕ್ತಿ ಮೇ ತಿಂಗಳಲ್ಲೂ ಅಷ್ಟೇ ಇತ್ತು. ಎಣಿಕೆಗೆ ಸಿಕ್ಕಿದ್ದು ಜೂನಿನಲ್ಲಿ.

ನಮ್ಮ ಶಿವಮೊಗ್ಗ ಜಿಲ್ಲೆಯ ಸಿಗಂದೂರನ್ನೇ ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ಹರಡಿಕೊಂಡಾಗ ಸಾಗರ ತಾಲ್ಲೂಕಿನ ತುಮರಿ ಸೀಮೆ ನೀರಿನಾಚೆ ಉಳಿಯಿತು. ಅಲ್ಲಿನ ಸಿಗಂದೂರು ಚೌಡೇಶ್ವರಿಯ ಸನ್ನಿಧಿಗೆ ಹೋಗುವವರೂ ಆಸ್ಪತ್ರೆಗೆ ಬರುವವರೂ ದಶಕಗಳ ಕಾಲ ಒಂದೇ ಲಾಂಚಿಗೆ ಕಾದರು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಲಾಂಚಿನ ಕಾಲದಲ್ಲಿ ಎಷ್ಟು ಜನ ದಾಟಬಹುದೆಂಬುದನ್ನು ಲಾಂಚು ನಿರ್ಧರಿಸುತ್ತಿತ್ತು. ಈಗ ರಸ್ತೆ ನಿರ್ಧರಿಸುತ್ತದೆ. ತಾಯಿ ಅಂದೂ ಇಂದೂ ಅದೇ ತಾಯಿ.

ಸಿಗಂದೂರು ಇನ್ನೊಂದು ಸೂಕ್ಷ್ಮವನ್ನೂ ಕಲಿಸುತ್ತದೆ. ಮಲೆನಾಡಿನ ಎಷ್ಟೋ ಅಡಿಕೆ ತೋಟಗಳ ಬೇಲಿಯಲ್ಲಿ, ಮನೆಗಳ ಗೇಟಿನಲ್ಲಿ, ಇಲ್ಲಿ ಸಿಗಂದೂರು ಚೌಡೇಶ್ವರಿಯ ಕಾವಲಿದೆ ಎಂಬರ್ಥದ ಫಲಕ ತೂಗುತ್ತಿರುತ್ತದೆ. ಆ ಫಲಕ ಕೆಲಸ ಮಾಡುತ್ತದೆಂದು ಬೆಳೆಗಾರರು ಹೇಳುತ್ತಾರೆ, ಮಾಡಲೂಬಹುದು. ಆದರೆ ಅದು ಕೆಲಸ ಮಾಡಬೇಕಾದರೆ ತೋಟದ ಯಜಮಾನ ನಂಬಿದರಷ್ಟೇ ಸಾಲದು, ಕಳ್ಳನೂ ನಂಬಿರಬೇಕು. ಚಲಾವಣೆಯಲ್ಲಿರುವ ನೋಟಿನ ಹಾಗೆ ಇದು: ಎಲ್ಲರೂ ಬೆಲೆಯಿದೆ ಅಂದುಕೊಂಡಷ್ಟು ದಿನ ಬೆಲೆ ಇರುತ್ತದೆ. ಇಂಥ ಕಡೆ ಜನಪ್ರಿಯತೆ ಶಕ್ತಿಯನ್ನು ತೋರಿಸುವುದಿಲ್ಲ, ತಾನೇ ಶಕ್ತಿಯಾಗಿ ನಿಲ್ಲುತ್ತದೆ. ಇದು ದೇವಿಯನ್ನು ಅಲ್ಲಗಳೆಯುವ ಮಾತಲ್ಲ. ಫಲಕ ಫಲಿಸಿತೆಂಬುದರಿಂದ ದೇವಿಯ ಬಗ್ಗೆ ನಮಗೆ ಹೊಸದೇನೂ ತಿಳಿಯದು, ಸುತ್ತಲಿನ ಜನರ ಬಗ್ಗೆ ತಿಳಿಯುತ್ತದೆ ಎಂಬುದಷ್ಟೇ ಇಲ್ಲಿನ ಮಾತು.

ಜನ ಬರುವುದನ್ನು ಪ್ರಮಾಣವಾಗಿ ಒಪ್ಪುವವರು ಜನ ಹೋಗುವುದನ್ನೂ ಒಪ್ಪಬೇಕಾಗುತ್ತದೆ. ಹಾಗಾದರೆ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ಏನು ಹೇಳುವುದು? ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅದು ಈ ಸೀಮೆಯ ದೊಡ್ಡ ಪಟ್ಟಣ. ಶೈವ, ವೈಷ್ಣವ, ಜೈನ, ಬೌದ್ಧ ಎಲ್ಲಕ್ಕೂ ಅಲ್ಲಿ ನೆಲೆಯಿತ್ತು. 1065ರಲ್ಲಿ ರೂಪಭಟ್ಟಯ್ಯನೆಂಬ ಅಧಿಕಾರಿ ಅಲ್ಲಿ ಬೌದ್ಧ ವಿಹಾರ ಕಟ್ಟಿಸಿದ್ದನ್ನು ಶಾಸನ ಹೇಳುತ್ತದೆ. ಎಲ್ಲಕ್ಕಿಂತ ಪ್ರಬಲರಾಗಿದ್ದವರು ಕೇದಾರೇಶ್ವರದ ಕೋಡಿಮಠದಲ್ಲಿದ್ದ, ಕಾಳಾಮುಖವೆಂಬ ಶೈವ ಪಂಥದ ಯತಿಗಳು. ರಾಜರೇ ಅವರ ಕಾಲು ತೊಳೆದು ದತ್ತಿ ಬಿಡುತ್ತಿದ್ದರು. ಇವತ್ತು ನಾನು ಕಾಳಾಮುಖ ಎಂದು ಹೇಳಿಕೊಳ್ಳುವವರು ಕರ್ನಾಟಕದಲ್ಲಿ ಸಿಗುವುದಿಲ್ಲ. ಬಳ್ಳಿಗಾವಿಯ ವಿಹಾರದಲ್ಲಿ ಬುದ್ಧನಿಗೆ ದೀಪ ಹಚ್ಚುವವರೂ ಇಲ್ಲ. ತಲೆ ಎಣಿಸುವ ತಕ್ಕಡಿಯಲ್ಲಿ ಅವರ ತೂಕ ಸೊನ್ನೆ.

ಆದರೆ ಕೋಡಿಮಠದ 1162ರ ಶಾಸನ ಓದಿದವರು ಹಾಗೆನ್ನಲಾರರು. ಅಲ್ಲಿ ವೇದಗಳ, ಬೇರೆ ಬೇರೆ ವ್ಯಾಕರಣಗಳ, ದರ್ಶನಗಳ ಪಾಠ ನಡೆಯುತ್ತಿತ್ತು. ಆ ದರ್ಶನಗಳಲ್ಲಿ ಬೌದ್ಧರದ್ದೂ ಸೇರಿತ್ತು. ಕುರುಡರಿಗೆ, ಕುಂಟರಿಗೆ, ಕಿವುಡರಿಗೆ, ಗತಿಯಿಲ್ಲದವರಿಗೆ ಅನ್ನವಿತ್ತು. ಹಾಡುವವರಿಗೆ, ಕುಣಿಯುವವರಿಗೆ, ಬೇರೆ ಮತಗಳ ಭಿಕ್ಷುಗಳಿಗೂ ಪಾಲಿತ್ತು. ರೋಗಿಗಳಿಗೆ ಔಷಧವಿತ್ತು, ಜೀವಿಗಳಿಗೆಲ್ಲ ಅಭಯವಿತ್ತು. ಅನುಯಾಯಿಗಳು ಕರಗಿಹೋದರೂ ಈ ಯೋಗ್ಯತೆ ಕರಗಿಲ್ಲ. ಜೈನರ ಮಾತೂ ಇಷ್ಟೆ. ಹೊಸನಗರ ತಾಲ್ಲೂಕಿನ ಹೊಂಬುಜದಲ್ಲಿ ಅವರ ಮಠ ಇಂದಿಗೂ ಇದೆ. 2011ರ ಜನಗಣತಿಯಲ್ಲಿ ರಾಜ್ಯದ ಜೈನರು ಶೇಕಡಾ ಒಂದಕ್ಕಿಂತಲೂ ಕಡಿಮೆ. ಪಂಪ, ರನ್ನ, ಜನ್ನರ ಧರ್ಮವನ್ನು ಈ ಅಂಕಿಯಿಂದ ಅಳೆಯುವ ಧೈರ್ಯ ಕನ್ನಡದಲ್ಲಿ ಅಕ್ಷರ ಕಲಿತ ಯಾರಿಗೂ ಬರಲಾರದು.

ಇನ್ನು ಎಣಿಕೆ ತುಂಬಿ ತುಳುಕಿದ ಕಡೆಗೆ ಬರೋಣ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನು ಜಿಲ್ಲೆಯ ಹಿರಿಯರು ಮರೆತಿಲ್ಲ. ವರದಾ ನದಿಯಲ್ಲಿ ಮಿಂದು, ಮೈಮೇಲೆ ಬಟ್ಟೆಯಿಲ್ಲದೆ, ಗುಡ್ಡದ ಮೇಲಿನ ಗುತ್ಯಮ್ಮನ ಗುಡಿಯವರೆಗೆ ನಡೆಯುವುದು ಹರಕೆ. ಜಾತ್ರೆಗೆ ಸಾವಿರಾರು ಜನ ಸೇರುತ್ತಿದ್ದರು. ಬೆತ್ತಲಾಗುತ್ತಿದ್ದವರಲ್ಲಿ ಹೆಚ್ಚಿನವರು ದಲಿತ ಮತ್ತು ಹಿಂದುಳಿದ ಜಾತಿಗಳ ಬಡ ಹೆಣ್ಣುಮಕ್ಕಳು. ಸುತ್ತ ನಿಂತು ನೋಡುತ್ತಿದ್ದವರು ಹರಕೆ ಹೊತ್ತವರೇನಲ್ಲ. ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಪ್ರೊ. ಬಿ. ಕೃಷ್ಣಪ್ಪ ಮತ್ತವರ ಸಂಗಾತಿಗಳು 1970ರ ದಶಕದಲ್ಲಿ ಕಟ್ಟಿದ ದಲಿತ ಸಂಘರ್ಷ ಸಮಿತಿ ಈ ಆಚರಣೆ ಬೇಡವೆಂದಿತು. 1986ರ ಮಾರ್ಚಿನಲ್ಲಿ ಕಾರ್ಯಕರ್ತರು ತಿಳಿಹೇಳಲು ಹೋದಾಗ ಜಾತ್ರೆಯ ಗುಂಪು ಅವರ ಮೇಲೆ, ಪೊಲೀಸರ ಮೇಲೆ, ಪತ್ರಕರ್ತರ ಮೇಲೆ ಬಿತ್ತು. ಬಟ್ಟೆ ಕಿತ್ತು ನಡೆಸಿತು, ಪೊಲೀಸ್ ಮಹಿಳೆಯರನ್ನೂ ಬಿಡಲಿಲ್ಲ. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು.

ಆ ದಿನ ಚಂದ್ರಗುತ್ತಿಯಲ್ಲಿ ಕೈಯೆತ್ತಿಸಿ ಮತ ಹಾಕಿಸಿದ್ದರೆ ಗೆಲ್ಲುತ್ತಿದ್ದದ್ದು ಯಾವ ಪಕ್ಷ ಎಂಬುದರಲ್ಲಿ ಸಂದೇಹವಿಲ್ಲ. ಬೆರಳೆಣಿಕೆಯ ಜನರ ಮಾತೇ ಸರಿಯಾಗಿತ್ತು ಎಂಬುದರಲ್ಲಿ ಇವತ್ತು ಯಾರಿಗೂ ಸಂದೇಹವಿಲ್ಲ. ಗುತ್ಯಮ್ಮನ ಜಾತ್ರೆ ಈಗಲೂ ನಡೆಯುತ್ತದೆ. ಬೆತ್ತಲೆ ಸೇವೆ ನಿಂತದ್ದರಿಂದ ದೇವಿಗೆ ಯಾವ ಕೊರತೆಯೂ ಆಗಲಿಲ್ಲ. ಇದು ಇಲ್ಲದೆ ಆಗದು ಎಂದು ಅಷ್ಟು ಜನ ಹೇಳಿದ್ದು ಸುಳ್ಳಾಯಿತು.

ಇದೇ ಜಿಲ್ಲೆಯ ಉಡುತಡಿಯಿಂದ ಎಂಟುನೂರು ವರ್ಷಕ್ಕೂ ಹಿಂದೆ ಅಕ್ಕಮಹಾದೇವಿ ಉಟ್ಟದ್ದನ್ನು ಬಿಟ್ಟು ಹೊರಟಳು ಎಂಬುದನ್ನು ಬೆತ್ತಲೆ ಸೇವೆಯ ಪರವಾಗಿ ವಾದಿಸುತ್ತಿದ್ದವರು ಎತ್ತಿದ್ದುಂಟು. ಎರಡೂ ಒಂದೇ ಅಲ್ಲ. ಅಕ್ಕ ಹೊರಟದ್ದು ಗಂಡನ, ಅರಮನೆಯ, ಊರಿನ ಮಾತು ಮೀರಿ, ತನ್ನ ಇಚ್ಛೆಯಿಂದ, ಒಬ್ಬಳೇ. ಅವಳ ಹಿಂದೆ ಜಾತ್ರೆ ಇರಲಿಲ್ಲ. ಚಂದ್ರಗುತ್ತಿಯ ಹೆಣ್ಣುಮಕ್ಕಳನ್ನು ನಡೆಸಿದ್ದು ಹಿರಿಯರು ಹೊತ್ತ ಹರಕೆ, ದೇವಿ ಮುನಿದಾಳೆಂಬ ಭಯ, ಸುತ್ತ ನೆರೆದ ಗುಂಪು. ಈಗ ಉಡುತಡಿಯಲ್ಲಿ ಅಕ್ಕನ ಬೃಹತ್ ಪ್ರತಿಮೆ ಎದ್ದಿದೆ. ವಿಜಯಪುರದ ಮಹಿಳಾ ವಿಶ್ವವಿದ್ಯಾಲಯಕ್ಕೆ ಅವಳ ಹೆಸರಿದೆ. ಪ್ರತಿಮೆ ಏಳುವ ಮೊದಲು ಅವಳ ವಚನ ಎಷ್ಟು ನಿಜವಾಗಿತ್ತೋ ಈಗಲೂ ಅಷ್ಟೇ ನಿಜ.

ಹಾಗೆಂದು ಮಂದಿ ಕಡಿಮೆಯಿದ್ದಲ್ಲಿ ಸತ್ಯ ಹೆಚ್ಚಿರುತ್ತದೆ ಎಂದೇನೂ ಅಲ್ಲ. ಜನ ಮರುಳೋ ಜಾತ್ರೆ ಮರುಳೋ ಎಂದು ಗಾದೆ ಉದುರಿಸಿ ಕೈತೊಳೆದುಕೊಳ್ಳುವುದು ಓದಿದವರ ಸೋಮಾರಿತನ. ಹತ್ತು ಜನ ಶಿಷ್ಯರ ಗುಪ್ತ ಸಾಧನೆಯಲ್ಲೂ ಮೋಸವಿರಬಹುದು. ಲಕ್ಷ ಜನರ ತೇರಿನಲ್ಲೂ ನಿಜವಾದ ಒಂದು ಕಣ್ಣೀರಿರಬಹುದು. ನೂರಾರು ವರ್ಷ ಬಾಳಿದ ಸಂಪ್ರದಾಯ ಜನರ ಯಾವುದೋ ಹಸಿವಿಗೆ ಅನ್ನ ಹಾಕಿರುತ್ತದೆ. ಮಗುವಿಗೆ ಬಂದ ಕಾಯಿಲೆ, ಕೋರ್ಟಿನಲ್ಲಿ ಕೊಳೆಯುತ್ತಿರುವ ಜಮೀನಿನ ವ್ಯಾಜ್ಯ, ಮುಚ್ಚುವ ಮಾತು ಕೇಳಿಬರುತ್ತಿರುವ ಕಾರ್ಖಾನೆ: ಇವುಗಳ ನಡುವೆ ಬದುಕುವವನಿಗೆ ಹೇಳಿಕೊಳ್ಳಲು ಒಂದು ಜಾಗ ಬೇಕು. ಸಾಲು ಉದ್ದವಾದಷ್ಟೂ ಊರಿನ ಸಂಕಟ ಎಷ್ಟಿದೆ ಎಂಬುದು ತಿಳಿಯುತ್ತದೆ. ಆಸ್ಪತ್ರೆಯ ಸಾಲನ್ನು ಓದುವ ಹಾಗೆ ಅದನ್ನೂ ಆಡಳಿತ ನಡೆಸುವವರು ಓದಬೇಕು. ಸಾಲಿನ ಕೊನೆಯಲ್ಲಿ ಸಿಗುವುದು ಮದ್ದೋ ಅಲ್ಲವೋ ಎಂಬುದು ಮಾತ್ರ ಸಾಲಿನ ಉದ್ದದಿಂದ ತಿಳಿಯುವುದಿಲ್ಲ.

ಹಾಗಾದರೆ ಯಾವುದರಿಂದ ತಿಳಿಯುತ್ತದೆ? ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಮಾಡಿಕೊಳ್ಳಬೇಕು. ಒಂದು ಮಾರ್ಗ ಸತ್ಯವೋ ಅಲ್ಲವೋ ಎಂಬುದು ನಡೆದವನಿಗೆ ಮಾತ್ರ ಗೊತ್ತಾಗುವ ಸಂಗತಿ. ಬಳ್ಳಿಗಾವಿಯಲ್ಲಿ ಹುಟ್ಟಿದನೆನ್ನುವ ಅಲ್ಲಮ ಕಲ್ಯಾಣದ ಅನುಭವ ಮಂಟಪದ ಅಧ್ಯಕ್ಷನಾಗಿ ಬಸವಣ್ಣನನ್ನೂ ಬಿಡದೆ ಕೆಣಕಿದ್ದು ಈ ಕಾರಣಕ್ಕೇ. ಬೇರೆಯವರು ಉಂಡದ್ದಕ್ಕೆ ನಮ್ಮ ಹೊಟ್ಟೆ ತುಂಬದು. ಮಾರ್ಗ ಯೋಗ್ಯವೋ ಅಲ್ಲವೋ ಎಂಬುದು ಹಾಗಲ್ಲ. ಅದನ್ನು ಹೊರಗಿನವರೂ ನೋಡಿ ಹೇಳಬಹುದು. ಅದರ ಹೊಸ್ತಿಲಲ್ಲಿ ನಿಂತ ಕಟ್ಟಕಡೆಯವನಿಗೆ ಅಲ್ಲಿ ಏನಾಗುತ್ತದೆ ಎಂದು ನೋಡಿದರೆ ಸಾಕು. 1162ರ ಕೋಡಿಮಠ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. 1986ರ ಚಂದ್ರಗುತ್ತಿ ಆಗುವುದಿಲ್ಲ.

ಶಿವಮೊಗ್ಗ ನಗರವೂ ಈ ಪರೀಕ್ಷೆಗೆ ಕೂರಬೇಕು. ಎರಡು ವರ್ಷಕ್ಕೊಮ್ಮೆ ನಡೆಯುವ ಕೋಟೆ ಮಾರಿಕಾಂಬಾ ಜಾತ್ರೆ ಈ ಊರಿನ ದೊಡ್ಡ ಹಬ್ಬ. ಹಲವು ಸಮುದಾಯಗಳಿಗೆ ಅದರಲ್ಲಿ ತಲೆಮಾರಿನಿಂದ ಬಂದ ಪಾತ್ರವಿದೆ. 2022ರ ಮಾರ್ಚಿನ ಜಾತ್ರೆಯಲ್ಲಿ, ಕೆಲವು ಸಂಘಟನೆಗಳ ಒತ್ತಾಯದ ನಂತರ, ವರ್ಷಗಳಿಂದ ಅಲ್ಲಿ ಅಂಗಡಿ ಹಾಕುತ್ತಿದ್ದ ಮುಸ್ಲಿಂ ವ್ಯಾಪಾರಿಗಳಿಗೆ ಜಾಗ ಸಿಗಲಿಲ್ಲ. ಆ ವರ್ಷವೂ ಜನ ಬಂದರು, ತಾಯಿಗೆ ಮಡಿಲು ತುಂಬಿದರು. ಬಳೆ, ಆಟಿಕೆ ಮಾರುವ ಕುಟುಂಬಗಳು ಕಳೆದುಕೊಂಡ ದುಡಿಮೆ ಎಷ್ಟು ಜನ ಬಂದರೆಂಬ ಯಾವ ವರದಿಯಲ್ಲೂ ಕಾಣಲಿಲ್ಲ. ಬಂದವರನ್ನು ಎಣಿಸುವ ಲೆಕ್ಕದಲ್ಲಿ ಹೊರಗುಳಿದವರು ಎಂದೂ ಸಿಗುವುದಿಲ್ಲ. ಜನಪ್ರಿಯತೆಯನ್ನೇ ಪ್ರಮಾಣ ಮಾಡಿಕೊಂಡರೆ ಆಗುವ ದೊಡ್ಡ ನಷ್ಟ ಇದು.

ಎಷ್ಟು ಜನ ಸೇರಿದರೆಂಬ ಅಂಕಿ ಪೊಲೀಸರಿಗೆ ಬೇಕು, ಸಾರಿಗೆ ಸಂಸ್ಥೆಗೆ ಬೇಕು, ಮುಜರಾಯಿ ಇಲಾಖೆಗೂ ಬೇಕು. ಅವರು ಇಟ್ಟುಕೊಳ್ಳಲಿ. ಪತ್ರಿಕೆಗಳು ‘ಲಕ್ಷಾಂತರ ಭಕ್ತರು’ ಎಂಬ ತಲೆಬರಹದೊಂದಿಗೆ ಬರೆಯುವುದನ್ನು ಮುಗಿಸಬಾರದು. ಅಲ್ಲಿ ಯಾರಿಗೆ ಅನ್ನ ಸಿಕ್ಕಿತು, ಯಾರಿಗೆ ಜಾಗ ಸಿಗಲಿಲ್ಲ ಎಂಬುದನ್ನೂ ಬರೆಯಬೇಕು. ಜಾತ್ರಾ ಸಮಿತಿಗಳು ಹುಂಡಿಯ ಮೊತ್ತ ಪ್ರಕಟಿಸುವಷ್ಟೇ ಹುರುಪಿನಿಂದ ಅದು ಖರ್ಚಾದ ಬಗೆಯನ್ನೂ ಪ್ರಕಟಿಸಲಿ. ಓದುಗರಲ್ಲಿ ನಮ್ಮ ಕೋರಿಕೆ ಇಷ್ಟೆ: ಮುಂದಿನ ಸಲ ‘ಅಷ್ಟು ಜನ ಸುಮ್ನೆ ಬರ್ತಾರಾ’ ಎಂದು ಯಾರಾದರೂ ಕೇಳಿದರೆ, ಬಾರದವರು ಯಾಕೆ ಬರಲಿಲ್ಲ ಎಂದು ತಿರುಗಿ ಕೇಳಿ.